ನೆಪ್ಚೂನಿಗೆ ಒಂದು ಬಟ್ಟಲು ಸಾರು

ಕುಂಬಳಕಾಯಿ ಕೊಡು ಅಂದರು ಟೀಚರ್ ಡೆಲ್ಫೀನಾ,
ಹೆಚ್ಚಬೇಡ, ಇಡಿಯಾಗಿ ಬೇಕು.
ಕಣಿವೆಯಿಂದ ಲಾರಿಯಲ್ಲಿ ಬಂದದ್ದು,
ಗುರುವಾರದ ಸಾರಿಗೆಂದು ಮೂಟೆಯ ಹಿಂದೆ ಬಚ್ಚಿಟ್ಟಿದ್ದೆ.
ಸೂರ್ಯ ಬೇಕಾಗಿದ್ದಾನೆ ನೆಮೆಸಿಯಾ, ಒಂದೇ ದಿನದ ಮಟ್ಟಿಗೆ.
ಸೂರ್ಯನನ್ನು ಇಲ್ಲ ಅನ್ನುವುದು ಹೇಗೆ
ಜೂನ್ ತಿಂಗಳಲ್ಲಿ, ಈ ಎತ್ತರದಲ್ಲಿ,
ಬಕೆಟ್ಟಿನ ನೀರು ಗಾಜಾಗುವ ಊರಲ್ಲಿ?

ಮೂರನೇ ಕ್ಲಾಸು, ನಾಲ್ಕನೇ ಕ್ಲಾಸು, ಸೇರಿ ಹನ್ನೊಂದು ಮಕ್ಕಳು.
ಸೈಕಲ್ಲಿನ ಒಂಟಿ ಚಕ್ರ, ಕಡ್ಡಿಗೊಂದು ತಗಡಿನ ನಾಲಿಗೆ:
ಒಂದು ಸುತ್ತಿಗೆ ಒಂದು ಟಕ್, ಒಂದು ಟಕ್ಕಿಗೆ ಎರಡು ಮೀಟರು.
ಯಾನೆತ್ ಎಣಿಸುವುದು ಸ್ಪ್ಯಾನಿಷಿನಲ್ಲಿ,
ತಪ್ಪಿದಾಗ ಬೈದುಕೊಳ್ಳುವುದು ಐಮಾರದಲ್ಲಿ.
ಐದು ಟಕ್ಕಿಗೆ ಬುಧ, ಉಪ್ಪಿನ ಹರಳು.
ಒಂಬತ್ತಕ್ಕೆ ಶುಕ್ರ, ಕಿನೋವಾ ಕಾಳು.
ಹನ್ನೆರಡೂವರೆಗೆ ಭೂಮಿ, ಅದೂ ಕಿನೋವಾ,
ಅದೇ ಮೂಟೆಯದು, ನಾನೇ ಕೇರಿದ್ದು.
ಮಂಗಳಕ್ಕೆ ಕಿನೋವಾದ ಬಡ ತಂಗಿ ಕಾನ್ಯಿವಾ, ಕೆಂಪಗೆ.
ಗುರುವಿಗೆ ಚೂನ್ಯೊ, ಇಬ್ಬನಿಯಲ್ಲಿ ಹೆಪ್ಪುಗಟ್ಟಿಸಿ ಒಣಗಿಸಿದ ಕಪ್ಪು ಆಲೂಗಡ್ಡೆ,
ಶನಿಗೂ ಅದೇ,
ಸೊಂಟಕ್ಕೆ ತಂತಿಯ ಉಡಿದಾರ.

ಭೂಮಿಯನ್ನು ಕೋಳಿ ತಿಂದಿತು.

ಟೀಚರ್ ನಗುತ್ತ ನೆಲದ ಮೇಲೆ ಕೂತೇಬಿಟ್ಟರು.
ನಾನು ಜೇಬಿನಿಂದ ಇನ್ನೊಂದು ಭೂಮಿ ತೆಗೆದುಕೊಟ್ಟೆ.
ಈ ಸಲ ಬಾಟಲಿ ಮುಚ್ಚಳದಲ್ಲಿಟ್ಟು
ಕಾವಲಿಗೊಬ್ಬಳನ್ನು ಕೂರಿಸಿದರು.

ನೆಪ್ಚೂನ್ ಬಂದದ್ದು ರೊಸೆಂದೊನ ಪಾಲಿಗೆ.
ಜೇಡಿ ಕಲೆಸಿ, ನನ್ನ ಒಲೆಯ ಕೆಂಡದಲ್ಲಿ ಸುಟ್ಟು,
ನೀಲಿ ಹಚ್ಚಿದ ಬಟಾಣಿಯಷ್ಟು ಮಣಿ.
ಮುನ್ನೂರ ಎಪ್ಪತ್ತೈದು ಟಕ್.
ಫುಟ್ಬಾಲ್ ಅಂಗಳ ದಾಟಿ, ಬತ್ತಿದ ಹಳ್ಳ ದಾಟಿ,
ಲಾಮಾಗಳ ಕಲ್ಲುದೊಡ್ಡಿಯ ಆಚೆ,
ಗಾಳಿ ಬಿಟ್ಟರೆ ಮಾತಿಗೆ ಇನ್ನೊಬ್ಬರಿಲ್ಲದ ಕಡೆ.
ಅವನು ಮೊದಲೇ ಮಾತು ಕಡಿಮೆ.

ಎರಡು ಗಂಟೆಗೆ ಕುಂಬಳಕಾಯಿಯ ನೆತ್ತಿಯಲ್ಲಿ ದೀಪ ಹತ್ತಿತು:
ಟಾರ್ಚಿನ ಬಲ್ಬು, ರೇಡಿಯೊದ ಎರಡು ಸೆಲ್ಲು,
ಮಕ್ಕಳೇ ಹೊಸೆದ ತಂತಿ.
ಈ ಅಳತೆಯಲ್ಲಿ ಬೆಳಕು ಇರುವೆಯ ಹಾಗೆ ನಡೆಯುತ್ತೆ, ಅಂದರು ಟೀಚರ್,
ಭೂಮಿಗೆ ಎಂಟು ನಿಮಿಷ, ನೆಪ್ಚೂನಿಗೆ ನಾಲ್ಕು ಗಂಟೆ.
ಪಕ್ಕದ ನಕ್ಷತ್ರ, ಅಂದರೆ ಇನ್ನೊಂದು ಕುಂಬಳಕಾಯಿ,
ಅಟ್ಲಾಂಟಿಕ್ ದಾಟಿ ಆಫ್ರಿಕಾದ ದಡದಲ್ಲಿ.
ಅಲ್ಲಿಯೂ ಒಬ್ಬಳು ಅಡುಗೆಯವಳು
ಸಾರಿಗೆ ಏನು ಹಾಕಲಿ ಎಂದು ನಿಂತಿರಬೇಕು ಅಂದುಕೊಂಡೆ.

ಬೆಲ್ಲಾಯಿತು. ಮಕ್ಕಳು ಚೆದುರಿದರು.
ಟೀಚರ್ ಒರುರೊ ವ್ಯಾನು ಹಿಡಿಯಲು ಓಡಿದರು.
ಪಾತ್ರೆ ತಿಕ್ಕಿ, ಬಟ್ಟಲು ಎಣಿಸಿದರೆ
ಗೂಟಕ್ಕೆ ಅವನ ಚೀಲ ಇನ್ನೂ ತೂಗಿತ್ತು.

ಸಾರು ಬಿಸಿ ಮಾಡಿ, ಶಾಲಿನಲ್ಲಿ ಸುತ್ತಿ, ಹೊರಟೆ.
ಶುಕ್ರನನ್ನು ದಾಟಿದೆ, ಮುಚ್ಚಳದ ಭೂಮಿಯನ್ನು ದಾಟಿದೆ,
ಮಂಗಳ ಗಾಳಿಗೆ ಎಲ್ಲಿ ಹೋಯಿತೋ.
ಶನಿ ಉಡಿದಾರದ ಸಮೇತ ಒಂಟಿ.
ಯುರೇನಸ್ ಕಾಯುತ್ತಿದ್ದವನೂ ಮನೆ ಸೇರಿದ್ದ.
ನಡುವೆ ಎಷ್ಟೊಂದು ಏನೂ ಇಲ್ಲ!
ಆ ಏನೂ ಇಲ್ಲದ್ದನ್ನೇ ನಡೆದೆ, ಮಂಡಿ ನೋವು ಹೊತ್ತು.
ಕಲ್ಲುದೊಡ್ಡಿಯ ಹತ್ತಿರ ಎಲ್ಲೋ
ಎರಡು ಗಂಟೆಗೆ ಹೊರಟ ಇರುವೆಯನ್ನು ಹಿಂದೆ ಹಾಕಿರಬೇಕು.

ಮನೆಗೆ ಹೋಗಲಿಲ್ಲವೇನೋ?
ಇನ್ನೂ ಬಂದಿಲ್ಲ, ಅಂದ.
ಯಾರು?
ಬೆಳಕು.

ಮುಷ್ಟಿ ಬಿಚ್ಚಲಿಲ್ಲ. ಒಂದೇ ಕೈಯಲ್ಲಿ ಕುಡಿದ.
ಇದರಲ್ಲಿ ಕುಂಬಳಕಾಯಿ ಇಲ್ಲ, ಅಂದ.
ಅದು ಕೆಲಸದ ಮೇಲಿದೆ, ಅಂದೆ.

ನಿಜವಾದ ಸೂರ್ಯ ಗುಡ್ಡದ ಹಿಂದೆ ಇಳಿದ.
ಬಯಲು ನೇರಳೆಯಾಯಿತು, ಆಮೇಲೆ ಬೂದಿ.
ನಾವಿಬ್ಬರೂ ಒಂದೇ ಶಾಲಿನೊಳಗೆ.
ದೂರದಲ್ಲಿ, ಶಾಲೆ ಇರಬೇಕಾದ ಜಾಗದಲ್ಲಿ,
ಸಾಸಿವೆಯಷ್ಟು ಹಳದಿ.

ಬಂತು, ಅಂದ. ಹತ್ತು ನಿಮಿಷ ತಡ.

ನಾನು ಬಾಯಿ ತೆರೆಯುವ ಮೊದಲೇ ಅಂದ:
ಗೊತ್ತು, ಕತ್ತಲಾಯಿತು ಅಂತ ಕಂಡಿದ್ದು.
ಆದರೂ ಇಲ್ಲಿ ಯಾರಾದರೂ ಇರಬೇಕಿತ್ತಲ್ಲ.

ಶುಕ್ರವಾರ ಸೂರ್ಯನನ್ನು ಹೋಳು ಮಾಡಿದೆ.
ಒಬ್ಬೊಬ್ಬರಿಗೆ ಎರಡೆರಡು, ಟೀಚರಿಗೆ ಮೂರು.
ಹರಳು, ಕಾಳು, ಆಲೂಗಡ್ಡೆ ಎಲ್ಲ ಡಬ್ಬಿಗೆ ಬಂದವು.
ಟೀಚರ್ ಪಟ್ಟಿಯಲ್ಲಿ ಒಂದೊಂದಕ್ಕೂ ಗೀಟು ಹಾಕಿ
ಕೊನೆಯದರ ಮುಂದೆ ಬರೆದರು:
ನೆಪ್ಚೂನ್, ಕಾಣೆ.